‘ನಿಮ್ಮಲ್ಲಿ ಹೇಗೆ?’ ಎಂದು ಕೇಳಿ ಕೊಡುವ ಗ್ರಂಧಿಗೆ ಅಂಗಡಿ

ತಂದೆಯವರು ತೀರಿಕೊಂಡು ವರ್ಷ ತುಂಬಿದ ಮೇಲೆ ಮನೆಯ ದೇವರ ಸಂಪುಟ ತಮ್ಮನ ಪಾಲಿಗೆ ಬಂತು. ತಾಮ್ರದ ಆ ಸಂಪುಟದೊಳಗೆ, ಮಾಸಿದ ರೇಷ್ಮೆಯ ತುಂಡಿನಲ್ಲಿ ಸುತ್ತಿಟ್ಟ ನಾಲ್ಕು ಕಲ್ಲುಗಳಿದ್ದವು. ನಮ್ಮದು ಪಂಚಾಯತನ ಪೂಜೆಯ ಮನೆ. ಶಿವ, ವಿಷ್ಣು, ಅಂಬಿಕೆ, ಸೂರ್ಯ, ಗಣಪತಿ ಎಂಬ ಐವರಿಗೆ ಐದು ಕಲ್ಲುಗಳಿರಬೇಕು. ಯಾವ ಕಲ್ಲು ಯಾವ ದೇವರು, ಸಂಪುಟದಲ್ಲಿ ಇಲ್ಲದವರು ಯಾರು ಎಂಬುದು ನನಗಾಗಲಿ ತಮ್ಮನಿಗಾಗಲಿ ತಿಳಿದಿರಲಿಲ್ಲ. ಅಪ್ಪ ನಲವತ್ತು ವರ್ಷ ಒಂದು ದಿನವೂ ತಪ್ಪಿಸದೆ ಪೂಜೆ ಮಾಡಿದ್ದರು. ನಾವು ಒಂದು ದಿನವೂ ಪಕ್ಕದಲ್ಲಿ ಕುಳಿತು ಕೇಳಿರಲಿಲ್ಲ.

ಆ ಸಂಪುಟವನ್ನು ಕೈಚೀಲದಲ್ಲಿಟ್ಟುಕೊಂಡು ನಾನು ಹೋದದ್ದು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹತ್ತಿರದ ಬೀದಿಯೊಂದರಲ್ಲಿರುವ ಹಳೆಯ ಗ್ರಂಧಿಗೆ ಅಂಗಡಿಗೆ. ಅಲ್ಲಿಂದ ಈಚೆಗೆ ಸುಮಾರು ಒಂದೂವರೆ ವರ್ಷ, ನಮ್ಮ ಮನೆಗೆ, ಸ್ನೇಹಿತೆಯ ಮನೆಗೆ, ನೆರೆಮನೆಯವರಿಗೆ ಎಂದು ಹತ್ತಾರು ಸಲ ಅಲ್ಲಿಂದ ಸಾಮಾನು ತಂದಿದ್ದೇನೆ. ಈ ಬರಹದಲ್ಲಿ ಒಂದು ದೂರೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಪೂಜೆಯ ಸಾಮಾನಿನ ಅಂಗಡಿಯೊಂದು ಚೆನ್ನಾಗಿದೆ ಎಂದರೆ ಏನರ್ಥ, ಅದನ್ನು ಯಾವುದರಿಂದ ಅಳೆಯಬೇಕು ಎಂಬುದು ಈ ಒಂದೂವರೆ ವರ್ಷದಲ್ಲಿ ನನಗೆ ಸ್ಪಷ್ಟವಾಗಿದೆ. ಅದನ್ನು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಗಲ್ಲಾದ ಹಿಂದೆ ಕುಳಿತಿದ್ದವರು ಎಪ್ಪತ್ತು ದಾಟಿದ ಯಜಮಾನರು. ಸಂಪುಟ ತೆರೆಯುತ್ತೇನೆ ಎಂದಾಗ ತಡೆದರು. ಮೂಲೆಯಲ್ಲಿದ್ದ ಚೆಂಬಿನ ನೀರಿನಿಂದ ಕೈ ತೊಳೆದು, ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ಮಡಿಸಿಟ್ಟಿದ್ದ ಹೊಸ ರವಿಕೆ ಕಣವನ್ನು ಹಲಗೆಯ ಮೇಲೆ ಹಾಸಿದ ಮೇಲೆಯೇ ಕಲ್ಲುಗಳನ್ನು ಒಂದೊಂದಾಗಿ ಎತ್ತಿಟ್ಟರು. ಮೊಟ್ಟೆಯಾಕಾರದ, ನೀರಿನಲ್ಲಿ ಉರುಳಿ ಉರುಳಿ ನುಣುಪಾದ ಕಂದುಬಣ್ಣದ್ದು ನರ್ಮದೆಯ ಬಾಣಲಿಂಗ. ಕಪ್ಪಗೆ ತೂಕವಾಗಿದ್ದು, ಒಂದು ಕಡೆ ಸಣ್ಣ ಬಾಯಿ ತೆರೆದುಕೊಂಡು ಒಳಗೆ ಸುರುಳಿಯ ಗೆರೆಗಳಿದ್ದದ್ದು ಸಾಲಿಗ್ರಾಮ. ಆ ಬಾಯಿಯನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಜೀವಿಯ ಸುರುಳಿಚಿಪ್ಪು ಕಲ್ಲಾಗಿ, ನೇಪಾಳದ ಗಂಡಕಿ ನದಿಯಲ್ಲಿ ತೇಯ್ದು ಬಂದು, ನಮ್ಮ ಅಪ್ಪನ ಕೈಯಲ್ಲಿ ದಿನವೂ ಅಭಿಷೇಕ ಮಾಡಿಸಿಕೊಂಡಿತ್ತು ಎಂಬುದನ್ನು ನೆನೆದು ನನಗೆ ಮಾತು ಹೊರಡಲಿಲ್ಲ. ಕೆಂಪುಕಲ್ಲು ಶೋಣಾ ನದಿಯ ಗಣಪತಿ, ಸ್ಫಟಿಕ ಸೂರ್ಯ. ಇಲ್ಲದಿರುವುದು ಅಂಬಿಕೆ. ಕಾಳಹಸ್ತಿಯ ಪಕ್ಕದಲ್ಲಿ ಹರಿಯುವ ಸ್ವರ್ಣಮುಖಿ ನದಿಯ ಕಲ್ಲಿನಲ್ಲಿ ಅವಳನ್ನು ಪೂಜಿಸುತ್ತಾರೆ ಎಂದು ತಿಳಿಸಿ, ನಾನು ಕೇಳುವ ಮೊದಲೇ, “ಅದನ್ನ ನಾನು ಮಾರೋದಿಲ್ಲ ತಾಯಿ. ನಿಮ್ಮ ಪುರೋಹಿತರನ್ನ ಕೇಳಿ, ಯಾರಾದರೂ ಹಿರಿಯರ ಮನೆಯಿಂದ ಬಂದರೆ ಚೆನ್ನ” ಎಂದರು. ಸಾಲಿಗ್ರಾಮಕ್ಕೆ ಬೆಲೆ ಕಟ್ಟಬಾರದು ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಅವರು ಆ ನಿಯಮವನ್ನು ಪಂಚಾಯತನದ ಎಲ್ಲ ಕಲ್ಲುಗಳಿಗೂ ಪಾಲಿಸುತ್ತಾರೆ. ಅರ್ಧ ಗಂಟೆಯ ಆ ಮಾತಿಗೆ ಒಂದು ರೂಪಾಯಿಯ ವ್ಯಾಪಾರವೂ ಆಗಲಿಲ್ಲ. ಪುರೋಹಿತರ ಸಲಹೆಯಂತೆ ತಮ್ಮ ಈಗ ಅಂಬಿಕೆಯ ಜಾಗದಲ್ಲಿ ಒಂದು ಅರಿಶಿನದ ಕೊಂಬನ್ನು ಇಟ್ಟು ಆವಾಹನೆ ಮಾಡುತ್ತಿದ್ದಾನೆ, ಆ ಕೊಂಬನ್ನು ಮಾತ್ರ ಈ ಅಂಗಡಿಯಿಂದಲೇ ತಂದೆ.

ಗ್ರಂಧಿಗೆ ಅಂಗಡಿಗಳು ಎಲ್ಲ ಊರಿನಲ್ಲಿಯೂ ಇವೆ. ಅರಿಶಿನ, ಕುಂಕುಮ, ಕರ್ಪೂರ, ಊದುಬತ್ತಿ, ಗೆಜ್ಜೆವಸ್ತ್ರ, ಹೂಬತ್ತಿ, ದರ್ಭೆ, ನವಧಾನ್ಯ, ಸಮಿತ್ತು ಎಲ್ಲ ಕಡೆ ಸಿಗುತ್ತವೆ. ಹಾಗಾದರೆ ಈ ಅಂಗಡಿಯಲ್ಲಿ ಏನು ವಿಶೇಷ ಎಂದರೆ, ಏನು ಕೇಳಿದರೂ ಕೊಡುವ ಮೊದಲು ಯಜಮಾನರು ಕೇಳುವ ಒಂದು ಪ್ರಶ್ನೆ: “ನಿಮ್ಮಲ್ಲಿ ಹೇಗೆ?” ಜಾತಿ ತಿಳಿಯುವ ಕುತೂಹಲದಿಂದ ಕೇಳುವ ಪ್ರಶ್ನೆ ಅದಲ್ಲ. ಹಣೆಗೆ ಇಡುವುದು, ಕೊರಳಿಗೆ ಹಾಕುವುದು, ದೇವರ ಮುಂದೆ ಸುಡುವುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ ಎಂಬುದನ್ನು ಅರಿತವರು, ತಪ್ಪು ವಸ್ತು ಕೊಟ್ಟು ಕಳಿಸಬಾರದೆಂಬ ಕಾಳಜಿಯಿಂದ ಕೇಳುವ ಪ್ರಶ್ನೆ. ನಮ್ಮ ದೇಶದಲ್ಲಿ ದೇವರನ್ನು ಒಲಿಸಿಕೊಳ್ಳುವ ದಾರಿಗಳು ಎಷ್ಟೊಂದು ಎಂಬುದನ್ನು ನಾನು ಉಪನ್ಯಾಸಗಳಲ್ಲಿ ಕೇಳಿದ್ದೆ. ಕಣ್ಣಾರೆ ಕಂಡದ್ದು ಇಲ್ಲಿ, ಸರದಿಗಾಗಿ ಕಾಯುತ್ತ ನಿಂತಾಗ.

ಒಮ್ಮೆ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ತಾತನಿಗಾಗಿ, ಹಣೆಗೆ ನಾಮ ಇಟ್ಟುಕೊಳ್ಳುವ ಬಿಳಿಮಣ್ಣಾದ ತಿರುಮಣ್ಣು ಮತ್ತು ನಾಮದ ನಡುವಿನ ಗೆರೆಗೆ ಬಳಸುವ ಶ್ರೀಚೂರ್ಣದ ಪುಡಿ ಕೇಳಿದ. ಯಜಮಾನರು, “ಶ್ರೀಚೂರ್ಣ ಹಳದಿಯೋ ಕೆಂಪೋ? ನಿಮ್ಮಲ್ಲಿ ಹೇಗೆ?” ಎಂದರು. ಹುಡುಗನಿಗೆ ಗೊತ್ತಿರಲಿಲ್ಲ. “ತಾತ ನಾಮ ಇಟ್ಟುಕೊಂಡಾಗ ಕೆಳಗೆ ಮೂಗಿನ ಮೇಲೆ ಪಾದ ಬರುತ್ತೋ, ಇಲ್ಲವೋ?” ಎಂದು ಕೇಳಿದರು. ಪಾದ ಇಲ್ಲ ಎಂದಾಗ ಹಳದಿಯ ಪೊಟ್ಟಣ ಕಟ್ಟಿಕೊಟ್ಟರು. ಶ್ರೀವೈಷ್ಣವರಲ್ಲಿ ವಡಗಲೈ, ತೆಂಗಲೈ ಎಂದು ಎರಡು ಪಂಗಡ. ಸಾಮಾನ್ಯವಾಗಿ ವಡಗಲೈಯವರು ಹಳದಿ ಶ್ರೀಚೂರ್ಣವನ್ನೂ ತೆಂಗಲೈಯವರು ಕೆಂಪನ್ನೂ ಬಳಸುತ್ತಾರೆ. ಬಣ್ಣದ ಹಿಂದಿರುವ ಭೇದ ಬಣ್ಣದ್ದಲ್ಲ. ಇಬ್ಬರೂ ರಾಮಾನುಜಾಚಾರ್ಯರ ಅನುಯಾಯಿಗಳು, ಇಬ್ಬರಿಗೂ ನಾರಾಯಣನಲ್ಲಿ ಶರಣಾಗತಿಯೇ ದಾರಿ. ಆದರೆ ಶರಣಾಗುವಾಗ ಜೀವಾತ್ಮನ ಪ್ರಯತ್ನ ಎಷ್ಟು ಎಂಬಲ್ಲಿ ಅವರು ಬೇರೆಯಾಗುತ್ತಾರೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿದುಕೊಳ್ಳುವಂತೆ ಜೀವನೂ ಹಿಡಿದುಕೊಳ್ಳಬೇಕು ಎನ್ನುವ ವಡಗಲೈಯವರು ಒಂದು ಕಡೆ; ಬೆಕ್ಕು ತನ್ನ ಮರಿಯನ್ನು ತಾನೇ ಕಚ್ಚಿ ಒಯ್ಯುವಂತೆ ಭಗವಂತನೇ ಎತ್ತಿಕೊಂಡು ಹೋಗುತ್ತಾನೆ, ಮರಿ ಸುಮ್ಮನಿದ್ದರೆ ಸಾಕು ಎನ್ನುವ ತೆಂಗಲೈಯವರು ಇನ್ನೊಂದು ಕಡೆ. ಶ್ರೀವೈಷ್ಣವರ ಪರಕಾಲ ಮಠವಿರುವ ಈ ಊರಿನಲ್ಲಿ, ಮೇಲುಕೋಟೆಗೆ ಇಷ್ಟು ಹತ್ತಿರದಲ್ಲಿ, ಇದು ಪುಸ್ತಕದ ಚರ್ಚೆಯಲ್ಲ. ಇಪ್ಪತ್ತು ರೂಪಾಯಿಯ ಪೊಟ್ಟಣದಲ್ಲಿ ಯಾವ ಬಣ್ಣ ಕಟ್ಟಬೇಕು ಎಂಬ ಪ್ರಶ್ನೆ. ಆ ಹುಡುಗ ತಪ್ಪು ಬಣ್ಣ ಒಯ್ದಿದ್ದರೆ ತಾತ ಬಯ್ಯುತ್ತಿರಲಿಲ್ಲವೇನೋ, ಆದರೆ ಅಂದು ಅವರ ಪೂಜೆ ಅರೆಮನಸ್ಸಿನಿಂದ ಆಗುತ್ತಿತ್ತು.

ಸ್ನೇಹಿತೆಯ ಮಗನಿಗೆ ಲಿಂಗದೀಕ್ಷೆ ಎಂದು ಆಕೆಯೊಂದಿಗೆ ಹೋದಾಗ ಇನ್ನೊಂದನ್ನು ಕಂಡೆ. ಲಿಂಗವನ್ನಿಡುವ ಕರಡಿಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ, ಹೊದಿಸುವ ಬಿಳಿವಸ್ತ್ರ ಎಲ್ಲವನ್ನೂ ತೋರಿಸಿದರು. ಇಷ್ಟಲಿಂಗವನ್ನು ಕೇಳಿದಾಗ ಮಾತ್ರ, “ಅದು ಗುರುಗಳ ಕೈಯಿಂದ ಬರಬೇಕಮ್ಮ, ನನ್ನ ಕೈಯಿಂದಲ್ಲ” ಎಂದರು. ಸ್ನೇಹಿತೆಯ ಮುಖದಲ್ಲಿ ಸಮಾಧಾನ ಕಂಡಿತು. ಆಕೆಯ ಅತ್ತೆಯೂ ಅದನ್ನೇ ಹೇಳಿದ್ದರಂತೆ. ದೇಹವನ್ನೇ ದೇಗುಲವೆಂದು ಕರೆದ ಬಸವಣ್ಣನವರ ಹಾದಿಯಲ್ಲಿ ಪೂಜೆಗೆ ಗುಡಿ ಬೇಡ, ಪೂಜಾರಿಯೂ ಬೇಡ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಗಂಡಸೂ ಹೆಂಗಸೂ ತಾವೇ ಪೂಜಿಸುತ್ತಾರೆ. ಲಿಂಗವಂತರಿಗೆ ರಕ್ಷೆಯೆನಿಸಿದ ಎಂಟರಲ್ಲಿ, ಅಂದರೆ ಅಷ್ಟಾವರಣದಲ್ಲಿ, ಗುರು, ಲಿಂಗ, ಜಂಗಮರಾದ ಮೇಲೆ ಬರುವ ವಿಭೂತಿ ಮತ್ತು ರುದ್ರಾಕ್ಷಿಗಳು ಈ ಅಂಗಡಿಯಲ್ಲಿ ಸಿಗುತ್ತವೆ, ಮತ್ತು ಎರಡೂ ಒಳ್ಳೆಯವು ಸಿಗುತ್ತವೆ. ವಿಭೂತಿಯ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಸಗಣಿಯ ಬೆರಣಿಯನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ತಿಳಿಯನ್ನು ಬಸಿದು, ಉಳಿದದ್ದನ್ನು ಗಟ್ಟಿ ಕಟ್ಟಿ ಒಣಗಿಸಿದ ವಿಭೂತಿ ಕೈಗೆ ಹಗುರವಾಗಿರುತ್ತದೆ. ಬೆರಳಿಗೆ ನುಣ್ಣಗೆ ಬರುತ್ತದೆ. ಬಣ್ಣ ಅಚ್ಚ ಬಿಳಿಯಲ್ಲ, ಸ್ವಲ್ಪ ಬೂದು. ಈಗ ಬಹಳ ಕಡೆ ಸಿಗುವುದು ಸೀಮೆಸುಣ್ಣದಂಥ ಪುಡಿಗೆ ಸುಗಂಧ ಬೆರೆಸಿ ಅಚ್ಚು ಹಾಕಿದ, ಕಣ್ಣು ಕೋರೈಸುವ ಬಿಳಿಯ ಬಿಲ್ಲೆ. ಯಜಮಾನರು ಎರಡನ್ನೂ ಸ್ನೇಹಿತೆಯ ಎರಡು ಅಂಗೈಗಳಲ್ಲಿಟ್ಟು ತೂಕ ನೋಡಲು ಹೇಳಿದರು. ಆ ಮೇಲೆ ಏನೂ ಹೇಳುವ ಅಗತ್ಯ ಬೀಳಲಿಲ್ಲ.

ರುದ್ರಾಕ್ಷಿಯ ವಿಷಯದಲ್ಲಿಯೂ ಅವರ ಪ್ರಾಮಾಣಿಕತೆ ಮೆಚ್ಚುವಂಥದು. ಗಿರಾಕಿಯೊಬ್ಬರು ಏಕಮುಖಿ ರುದ್ರಾಕ್ಷಿಗೆ ಎಷ್ಟಾದರೂ ಕೊಡುತ್ತೇನೆ ಎಂದು ಹಟ ಹಿಡಿದಾಗ, ತಮ್ಮಲ್ಲಿ ಇಲ್ಲ, ಇದೆ ಎನ್ನುವವರ ಹತ್ತಿರವೂ ಯೋಚಿಸಿ ತೆಗೆದುಕೊಳ್ಳಿ ಎಂದು ಹೇಳಿ, ಜಪಕ್ಕಾದರೆ 108 ಮಣಿಯ ಪಂಚಮುಖಿ ಮಾಲೆ ಧಾರಾಳ ಸಾಕು ಎಂದರು. ನೇಪಾಳದ ದೊಡ್ಡ ಮಣಿ ಯಾವುದು, ಇಂಡೊನೇಷ್ಯಾದಿಂದ ಬರುವ ಸಣ್ಣ ಮಣಿ ಯಾವುದು ಎಂದು ಬೇರೆ ಬೇರೆ ಡಬ್ಬಿಗಳಲ್ಲಿಟ್ಟಿದ್ದಾರೆ. ಸಣ್ಣ ಮಣಿಯನ್ನು ನೇಪಾಳದ್ದೆಂದು ಹೇಳಿ ಮಾರುವ ಅಭ್ಯಾಸ ಅವರಿಗಿಲ್ಲ.

ಕುಂಕುಮಕ್ಕೆ ಬರುತ್ತೇನೆ. ಬೇರೊಂದು ಕಡೆ ಕೊಂಡ ಕುಂಕುಮದಿಂದ ನನ್ನ ಹಣೆಯ ಮೇಲೆ ಗಾಯವಾಗಿ, ಮೂರು ತಿಂಗಳು ಬೊಟ್ಟು ಇಡಲಾಗದೆ ಕಳೆದಿದ್ದೇನೆ. ಹಾಗಾಗಿ ಈ ವಸ್ತುವನ್ನು ನಾನು ಬಹಳ ಎಚ್ಚರದಿಂದ ನೋಡುತ್ತೇನೆ. ದೇವರಾಜ ಮಾರುಕಟ್ಟೆಯೊಳಗೆ ಗೋಪುರದಂತೆ ಒಟ್ಟಿರುವ ಬಣ್ಣಬಣ್ಣದ ಪುಡಿಗಳ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ಅವುಗಳಲ್ಲಿ ಹೆಚ್ಚಿನವು ರಂಗೋಲಿಗೆ, ಅಲಂಕಾರಕ್ಕೆ. ಹಣೆಗೆ ಇಡುವ ಕುಂಕುಮ ಅರಿಶಿನದಿಂದ ಆಗಬೇಕು. ಈ ಅಂಗಡಿಯಲ್ಲಿ ಅದನ್ನು ಮುಚ್ಚಳವಿರುವ ಮರದ ಡಬ್ಬಿಯಲ್ಲಿಟ್ಟಿರುತ್ತಾರೆ. ಬಣ್ಣ ಥಳಥಳಿಸುವುದಿಲ್ಲ, ಹಳೆಯ ಇಟ್ಟಿಗೆಯ ಕೆಂಪು. ಮೂಗಿನ ಹತ್ತಿರ ತಂದರೆ ಅರಿಶಿನದ ವಾಸನೆ ಸಣ್ಣಗೆ ಬರುತ್ತದೆ. ಒಂದು ವರ್ಷದಿಂದ ಇದನ್ನೇ ಇಟ್ಟುಕೊಳ್ಳುತ್ತಿದ್ದೇನೆ, ಹಣೆ ಶುದ್ಧವಾಗಿದೆ.

ಆಷಾಢದ ಶುಕ್ರವಾರಗಳಲ್ಲಿ ಈ ಅಂಗಡಿಯ ಮುಂದೆ ನಸುಕಿನಲ್ಲಿಯೇ ಜನ ನಿಂತಿರುತ್ತಾರೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಅರಿಶಿನ, ಕುಂಕುಮ ಹಚ್ಚುತ್ತ ಹತ್ತುವುದು ಮೈಸೂರು ಸೀಮೆಯ ಹೆಣ್ಣುಮಕ್ಕಳ ಹರಕೆ. ಬಗ್ಗಿ ಹಚ್ಚಬೇಕು, ಮೇಲೇಳಬೇಕು, ಮತ್ತೆ ಬಗ್ಗಬೇಕು. ಬೆಟ್ಟದ ತುದಿ ಮುಟ್ಟುವ ಹೊತ್ತಿಗೆ ಸೊಂಟ ಬಿದ್ದು ಹೋಗಿರುತ್ತದೆ. ಅಂಥ ಒಂದು ಶುಕ್ರವಾರ ಕಿಲೋ ಲೆಕ್ಕದಲ್ಲಿ ಕುಂಕುಮ ಕೇಳಿದ ಅಜ್ಜಿಯೊಬ್ಬರನ್ನು ಅಂಗಡಿಯ ಹುಡುಗ, “ಮೆಟ್ಟಿಲಿಗೋ ಹಣೆಗೋ ಅಜ್ಜಿ?” ಎಂದು ಕೇಳಿದ. ಮೆಟ್ಟಿಲಿಗೆ ಅಗ್ಗದ್ದು ಬೇರೆ ಇಟ್ಟಿರುತ್ತಾರೆ. ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಲೇ, “ಮೆಟ್ಟಿಲೂ ಅವಳದೇ ಅಲ್ಲವೇನಪ್ಪ, ಒಳ್ಳೇದೇ ಕೊಡು” ಎಂದರು. ಒಳ್ಳೆಯದು ಒಂದು ಕಿಲೋಗೆ ಅವರ ಹತ್ತಿರ ದುಡ್ಡು ಸಾಲಲಿಲ್ಲ. ಕಾಲು ಕಿಲೋ ಒಳ್ಳೆಯದನ್ನೇ ಕೊಂಡು, ಮೆಟ್ಟಿಲಿಗೆ ಒಂದೊಂದು ಚುಕ್ಕೆ ಇಡುತ್ತೇನೆ ಎಂದು ಹೊರಟರು. ಯಜಮಾನರು ಒಳಗಿನಿಂದ ಕೂಗಿ ನಿಲ್ಲಿಸಿ, ಪೊಟ್ಟಣಕ್ಕೆ ಇನ್ನೊಂದು ಹಿಡಿ ಹಾಕಿಸಿದರು.

ಮಾಧ್ವರ ಸಾಮಾನಿನ ಕಪಾಟು ಚಿಕ್ಕದು, ಆದರೆ ಪೂರ್ಣವಾಗಿದೆ: ಗೋಪೀಚಂದನದ ಗಡ್ಡೆ, ಶಂಖ, ಚಕ್ರ, ಗದಾ, ಪದ್ಮ, ನಾರಾಯಣ ಎಂಬ, ಮೈಮೇಲೆ ಒತ್ತಿಕೊಳ್ಳುವ ಐದು ಮುದ್ರೆಗಳು, ಅಕ್ಷತೆಯ ಭರಣಿ, ತುಳಸಿಮಣಿ. ಉಡುಪಿಯ ಕೃಷ್ಣನ ವಿಗ್ರಹ ಗೋಪೀಚಂದನದ ಗಡ್ಡೆಯೊಳಗೆ ಹಡಗಿನಲ್ಲಿ ಬಂದು ಮಲ್ಪೆಯ ತೀರದಲ್ಲಿ ಮಧ್ವಾಚಾರ್ಯರಿಗೆ ದೊರೆಯಿತು ಎಂಬ ಐತಿಹ್ಯವನ್ನು ಬಲ್ಲವರಿಗೆ, ಆ ಹಳದಿ ಮಣ್ಣಿನ ಉಂಡೆಯನ್ನು ಕೈಯಲ್ಲಿ ಹಿಡಿದಾಗಲೇ ಒಂದು ಭಾವ ಬರುತ್ತದೆ. ಊದುಬತ್ತಿಯ ಬಗ್ಗೆ ಹೇಳುವುದೇನೂ ಇಲ್ಲ. ಮೈಸೂರಿನಲ್ಲಿ ಕೆಟ್ಟ ಊದುಬತ್ತಿ ಕೊಳ್ಳುವುದೇ ಕಷ್ಟ. ಹಾಲುಮಡ್ಡಿ ಮತ್ತು ಸಾಂಬ್ರಾಣಿ ಮಾತ್ರ ಇಲ್ಲಿ ಬಿಡಿಯಾಗಿ, ಕಡ್ಡಿ ಕಸವಿಲ್ಲದೆ ಸಿಗುತ್ತವೆ. ಕರ್ಪೂರವನ್ನು ಪರೀಕ್ಷಿಸಿ ಕೊಡಿ ಎಂದರೆ ಒಂದು ಬಿಲ್ಲೆಯನ್ನು ನಿಮ್ಮ ಎದುರಿಗೇ ಉದ್ಧರಣೆಯ ಮೇಲಿಟ್ಟು ಹಚ್ಚುತ್ತಾರೆ. ನಾನು ನೋಡಿದಾಗ ಉರಿದು ಮುಗಿದ ಮೇಲೆ ತಾಮ್ರದ ಮೇಲೆ ಬೂದಿಯಾಗಲಿ ಅಂಟಾಗಲಿ ಉಳಿದಿರಲಿಲ್ಲ.

ಈ ಅಂಗಡಿಯಲ್ಲಿ ನಾನು ಕಂಡದ್ದರಲ್ಲಿ ಇನ್ನೂ ಕಣ್ಣ ಮುಂದೆ ಇರುವುದು ಶಿವರಾತ್ರಿಗೆ ನಾಲ್ಕು ದಿನ ಮುಂಚಿನ ಒಂದು ಮಧ್ಯಾಹ್ನ. ಕಾವಿಯ ರುಮಾಲು ಸುತ್ತಿ, ಹಣೆಯ ತುಂಬ ವಿಭೂತಿ ಬಳಿದು, ಕೊರಳಿಗೆ ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬೆತ್ತ ಹಿಡಿದ ಒಬ್ಬರು ಬಂದು ಬಾಗಿಲಲ್ಲೇ ನಿಂತರು. ಚಾಮರಾಜನಗರದ ಕಡೆಯ ದೇವರಗುಡ್ಡರು, ಮಲೆ ಮಹದೇಶ್ವರನಿಗೆ ತಮ್ಮನ್ನು ಒಪ್ಪಿಸಿಕೊಂಡು ಗುರುವಿನಿಂದ ದೀಕ್ಷೆ ಪಡೆದವರು. “ಒಳಗೆ ಬನ್ನಿ ಸ್ವಾಮಿ” ಎಂದು ಯಜಮಾನರು ಸ್ಟೂಲು ಹಾಕಿಸಿದರು. “ಮಾದಪ್ಪನ ಪರಸೆಗೆ ಹೊಂಟಿವ್ನಿ ಬುದ್ಧಿ, ಈಬೂತಿ ಕೊಡಿ, ಧೂಪ ಕೊಡಿ, ಕಂಸಾಳೆಗೆ ದಾರ ಬೇಕು” ಎಂದರು ಅವರು. ದಾರವನ್ನು ಆರಿಸುವುದಕ್ಕಾಗಿ ಜೋಳಿಗೆಯಿಂದ ಕಂಸಾಳೆಯನ್ನು ಹೊರತೆಗೆದರು. ಎಡಗೈಯಲ್ಲಿ ಹಿಡಿಯುವ ಬಟ್ಟಲಿನಂಥ ಕಂಚಿನ ತಾಳ, ಬಲಗೈಗೆ ಚಪ್ಪಟೆಯ ತಾಳ. ಬಟ್ಟಲಿನ ಅಂಚು ಎಷ್ಟೋ ವರ್ಷ ಬಡಿಸಿಕೊಂಡು ಕನ್ನಡಿಯಂತೆ ಹೊಳೆಯುತ್ತಿತ್ತು, ಚಪ್ಪಟೆ ತಾಳಕ್ಕೆ ಕಟ್ಟಿದ್ದ ಗೊಂಡೆ ಮಾತ್ರ ಕಿತ್ತು ಜೋತು ಬಿದ್ದಿತ್ತು. ಯಜಮಾನರು ಮೂರು ಬಗೆಯ ದಾರ ತೋರಿಸಿದರು. ಅವರು ಒಂದನ್ನು ಆರಿಸಿ, ಅಲ್ಲೇ ಹೊಸೆದು, ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದು, ಸರಿಯಾಯಿತೇ ಎಂದು ನೋಡಲು ಒಂದು ಸಲ ತಾಳವನ್ನು ತಟ್ಟಿದರು. ಆ ಪುಟ್ಟ ಅಂಗಡಿಯಲ್ಲಿ ಆ ಒಂದು ನಾದ ಸುತ್ತಿ ಇಳಿಯುವವರೆಗೆ ಯಾರೂ ಮಾತನಾಡಲಿಲ್ಲ. ಗಲ್ಲಾದ ಹಿಂದಿನಿಂದ ಯಜಮಾನರು ಕೈಮುಗಿದು “ಉಘೇ ಮಾದಪ್ಪ” ಎಂದರು. ಜನಿವಾರಕ್ಕಾಗಿ ನಿಂತಿದ್ದ ಪುರೋಹಿತರೊಬ್ಬರೂ ತಲೆಬಾಗಿದರು.

ಭಾಗವತದಲ್ಲಿ ಪ್ರಹ್ಲಾದನು ತಂದೆಗೆ ಹೇಳುವ ಒಂಬತ್ತು ಬಗೆಯ ಭಕ್ತಿಗಳನ್ನು ನಾವು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆವು: ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ. ಅಂಗಡಿಯ ಕಪಾಟುಗಳನ್ನು ನೋಡುತ್ತ ನಿಂತಾಗ ಈ ಪಟ್ಟಿ ನೆನಪಾಯಿತು. ಮುಕ್ಕಾಲು ಪಾಲು ಸಾಮಾನು ಅರ್ಚನಕ್ಕೆ ಸೇರಿದ್ದು. ಕೀರ್ತನಕ್ಕೆ ಮೇಲಿನ ಸಾಲಿನಲ್ಲಿ ತಾಳ, ಚಿಟಿಕೆ, ಗೆಜ್ಜೆಗಳಿವೆ. ಸ್ಮರಣಕ್ಕೆ ಜಪಮಾಲೆಗಳು. ಶ್ರವಣಕ್ಕೆ ವ್ರತಕಥೆಯ ಪುಸ್ತಕಗಳು. ದಾಸ್ಯಕ್ಕೂ ಸಖ್ಯಕ್ಕೂ ಆತ್ಮನಿವೇದನಕ್ಕೂ ಕಪಾಟಿನಲ್ಲಿ ಜಾಗವಿಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಪುರಂದರದಾಸರು ಸಂಪತ್ತನ್ನೆಲ್ಲ ಬಿಟ್ಟು ಭಿಕ್ಷೆಗೆ ಗೋಪಾಳದ ಬುಟ್ಟಿ ಹಿಡಿದು ಹೊರಟಾಗ, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಅರಮನೆಯಿಂದ ಹೊರನಡೆದಾಗ, ಅಂಗಡಿಯಿಂದ ಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಹಾಗೆಂದು ಅರ್ಚನೆ ಕೀಳಲ್ಲ. ದಿನವೂ ಒಂದೇ ಹೊತ್ತಿಗೆ ಎದ್ದು, ಗಂಧ ತೇಯ್ದು, ನಾಲ್ಕು ಕಲ್ಲುಗಳಿಗೆ ನೀರೆರೆದು, ನಲವತ್ತು ವರ್ಷ ಕಳೆದ ಅಪ್ಪನಿಗೆ ಅವು ಕಲ್ಲುಗಳಾಗಿರಲಿಲ್ಲ ಎಂಬುದು ನನಗೆ ಗೊತ್ತು. ಆಸ್ಪತ್ರೆಯಲ್ಲಿದ್ದ ಕೊನೆಯ ವಾರದಲ್ಲಿಯೂ ಬೆಳಿಗ್ಗೆ ಅವರು ಕೇಳುತ್ತಿದ್ದದ್ದು “ಅವರಿಗೆ ಸ್ನಾನ ಆಯಿತಾ?” ಎಂದು. ಯಾರಿಗೆ ಎಂದು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ನವೆಂಬರ್ ನಡುವಿನಿಂದ ಅಂಗಡಿಯ ಬಣ್ಣವೇ ಬದಲಾಗುತ್ತದೆ. ಅಯ್ಯಪ್ಪನ ಮಾಲೆ ಹಾಕುವವರಿಗೆ ಕಪ್ಪು ಪಂಚೆ, ತುಳಸಿ ಮತ್ತು ರುದ್ರಾಕ್ಷಿಯ ಮಾಲೆ, ಇರುಮುಡಿಯ ಚೀಲಗಳು ಹೊರಗೆ ತೂಗುತ್ತವೆ. ನೆರೆಮನೆಯ ಹುಡುಗ ಮೊದಲ ಸಲ ಮಾಲೆ ಹಾಕಿದ ಕನ್ನಿಸ್ವಾಮಿ. 41 ದಿನ ನೆಲದ ಮೇಲೆ ಮಲಗಿ, ತಣ್ಣೀರು ಸ್ನಾನ ಮಾಡಿ, ನನ್ನನ್ನೂ “ಸ್ವಾಮಿ” ಎಂದೇ ಕರೆಯುತ್ತಿದ್ದ. ಇರುಮುಡಿಗೆ ತೆಂಗಿನಕಾಯಿ ಆರಿಸಲು ಅವನೊಂದಿಗೆ ಹೋದಾಗ ಯಜಮಾನರು ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಉಗುರಿನಿಂದ ತಟ್ಟಿ, ಸಣ್ಣ ಬಿರುಕೂ ಇಲ್ಲದ್ದನ್ನು ಹುಡುಕಿದರು. ಕಣ್ಣು ತೆರೆದು ನೀರು ಬಸಿದು, ತುಪ್ಪ ತುಂಬಿ, ಬಿರಡೆ ಹಾಕುವ ಕಾಯಿ ಅದು. ತಲೆಯ ಮೇಲೆ ಹೊತ್ತು 18 ಮೆಟ್ಟಿಲು ಹತ್ತುವವರೆಗೆ ಒಂದು ತೊಟ್ಟೂ ಸೋರಬಾರದು. ಆರಿಸಿದ ಕಾಯಿ ಸೋರಲಿಲ್ಲ ಎಂದು ಹುಡುಗ ಶಬರಿಮಲೆಯಿಂದ ಬಂದ ಮೇಲೆ ತಾನಾಗಿಯೇ ಹೋಗಿ ಅಂಗಡಿಯಲ್ಲಿ ಹೇಳಿ, ಅರವಣ ಪಾಯಸದ ಪ್ರಸಾದ ಕೊಟ್ಟು ಬಂದ.

ಇನ್ನು ದೂರು. ಯಜಮಾನರ ಮನೆಯ ಕಿರಿಯರು ಅಂಗಡಿಯ ಮುಂಭಾಗದಲ್ಲಿ ಬೇರೆ ಕೌಂಟರ್ ತೆರೆದು, ಹಬ್ಬಗಳಿಗೆ ಸಿದ್ಧ ‘ಪೂಜಾ ಸೆಟ್’ ಮಾರಲು ಆರಂಭಿಸಿದ್ದಾರೆ. ಕಳೆದ ಗೌರಿ ಹಬ್ಬದ ಹಿಂದಿನ ದಿನ ನೂಕುನುಗ್ಗಲಿನಲ್ಲಿ ಒಳಗೆ ಹೋಗಲಾಗದೆ ಅಂಥ ಒಂದು ಸೆಟ್ಟನ್ನು 350 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಗೌರಿದಾರದಲ್ಲಿ ಗಂಟುಗಳೇ ಇರಲಿಲ್ಲ. ಸ್ವರ್ಣಗೌರಿ ವ್ರತದ ದಾರಕ್ಕೆ 16 ಗಂಟು, ವರಮಹಾಲಕ್ಷ್ಮಿಯ ದಾರಕ್ಕೆ 9, ಅನಂತನ ದಾರಕ್ಕೆ 14 ಎಂಬುದು ಇದೇ ಅಂಗಡಿಯ ಒಳಗೆ ಕುಳಿತವರಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಸೆಟ್ಟಿನಲ್ಲಿ ಮೂರು ಹಬ್ಬಕ್ಕೂ ಒಂದೇ ಹಳದಿ ನೂಲು. ಬಾಗಿನದ ಮೊರಕ್ಕೆ ಕೊಟ್ಟಿದ್ದ ಕರಿಮಣಿ ಪ್ಲಾಸ್ಟಿಕ್ಕಿನದು, ಕಿವಿಯೋಲೆಯ ಗುರುತಾಗಿ ಇಡುವ ಬಿಚ್ಚೋಲೆ ಬಣ್ಣ ಬಳಿದ ಕಾಗದದ್ದು, ಕುಂಕುಮ ನನ್ನ ಹಣೆಯನ್ನು ಸುಟ್ಟಂಥದೇ ಗುಲಾಬಿ ಬಣ್ಣದ್ದು. ರಾತ್ರಿ ಹನ್ನೊಂದರವರೆಗೆ ಕುಳಿತು, ಅಮ್ಮನಿಗೆ ಮತ್ತು ಅತ್ತಿಗೆಗೆ ಸೇರಿಸಿ, ದಾರಕ್ಕೆ ಒಂದೊಂದಾಗಿ ಗಂಟು ಹಾಕಿದೆ.

ಮರುವಾರ ಯಜಮಾನರಿಗೆ ತೋರಿಸಿದಾಗ ಅವರು ಬಹಳ ನೊಂದುಕೊಂಡರು, ಕುಂಕುಮ ಮತ್ತು ಬಿಚ್ಚೋಲೆಯನ್ನು ಬದಲಿಸಿಕೊಟ್ಟರು, ಹಣವನ್ನೂ ಹಿಂದಿರುಗಿಸಲು ಬಂದರು. ಹಣ ಬೇಡವೆಂದೆ. ಆದರೆ ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೂ ಅಂಥದೇ ಸೆಟ್ಟುಗಳು ಹೊರಗೆ ತೂಗಾಡುತ್ತಿದ್ದವು, ಮತ್ತು ಅವನ್ನು ಕೊಳ್ಳುವವರನ್ನು ಯಾರೂ ‘ನಿಮ್ಮಲ್ಲಿ ಹೇಗೆ?’ ಎಂದು ಕೇಳುತ್ತಿರಲಿಲ್ಲ. ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುವ ಸೆಟ್ಟುಗಳಿಗೂ ಇವಕ್ಕೂ ವ್ಯತ್ಯಾಸವಿಲ್ಲ. ಎಲ್ಲ ಮನೆಯ ಪೂಜೆಯೂ ಒಂದೇ ಎಂಬಂತೆ ಕಟ್ಟಿದ ಚೀಲ ಅದು. ಹೊರಗೆ ದುಡಿಯುವ ಹೆಣ್ಣುಮಕ್ಕಳಿಗೆ ಸಿದ್ಧ ಸೆಟ್ಟು ಅನುಕೂಲ ಎಂಬುದನ್ನು ನಾನು ಒಪ್ಪುತ್ತೇನೆ. ನನಗೂ ಅನುಕೂಲವೇ ಆಗಿತ್ತು. ಗೌರಿಗೆ ಒಂದು, ಲಕ್ಷ್ಮಿಗೆ ಒಂದು, ಅನಂತನಿಗೆ ಒಂದು ಎಂದು ಒಳಗಿನವರ ತಿಳಿವಳಿಕೆಯಿಂದಲೇ ಕಟ್ಟಿಸಿ, ಐವತ್ತು ರೂಪಾಯಿ ಹೆಚ್ಚು ತೆಗೆದುಕೊಂಡರೂ ಜನ ಸಂತೋಷದಿಂದ ಕೊಡುತ್ತಾರೆ. ಯಜಮಾನರಿಗೆ ಇದನ್ನು ನೇರವಾಗಿಯೂ ಹೇಳಿದ್ದೇನೆ.

ಸಣ್ಣಪುಟ್ಟ ಕೊರತೆಗಳು ಬೇರೆ ಇವೆ. ಯಾವ ವಸ್ತುವಿನ ಮೇಲೂ ಬೆಲೆ ಬರೆದಿರುವುದಿಲ್ಲ. ಬೆಲೆ ನ್ಯಾಯವಾಗಿದೆ ಎಂಬುದು ನನ್ನ ಅನುಭವ, ಆದರೂ ಮೊದಲ ಸಲ ಬಂದವರಿಗೆ ಹಿಂಜರಿಕೆಯಾಗುತ್ತದೆ. ಗಂಧದ ಕೊರಡು ದುಬಾರಿ, ಅದು ಎಲ್ಲ ಕಡೆಯೂ ದುಬಾರಿಯೇ. ದರ್ಭೆ ಕೆಲವು ಸಲ ತೀರ ಹಳೆಯದಾಗಿ ಮುರಿಯುತ್ತದೆ; ಶ್ರಾವಣ ಅಮಾವಾಸ್ಯೆಯ ನಂತರ ಹೊಸದು ಬರುತ್ತದೆ, ವರ್ಷಕ್ಕೆ ಬೇಕಾದಷ್ಟನ್ನು ಆಗ ತಂದಿಟ್ಟುಕೊಳ್ಳುವುದು ಒಳ್ಳೆಯದು. ಕೂರಲು ಒಂದೇ ಸ್ಟೂಲು, ಅದೂ ವಯಸ್ಸಾದವರಿಗೆ.

ಹೋಗುವವರು ಹಬ್ಬದ ಹಿಂದಿನ ದಿನ ಹೋಗಬೇಡಿ. ವಾರದ ನಡುವೆ, ಮಧ್ಯಾಹ್ನ ಮೂರರ ಸುಮಾರಿಗೆ ಹೋದರೆ ಯಜಮಾನರೇ ಸಿಗುತ್ತಾರೆ, ಹೊರಗಿನ ಕೌಂಟರ್ ದಾಟಿ ನೇರವಾಗಿ ಒಳಗೆ ಹೋಗಿ. ಯುಪಿಐ ನಡೆಯುತ್ತದೆ, ಬಟ್ಟೆಯ ಚೀಲ ನೀವೇ ಒಯ್ಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಹಿರಿಯರಿದ್ದರೆ ಹೊರಡುವ ಮೊದಲು ಅವರ ಹತ್ತಿರ ಕುಳಿತು, ಹಣೆಗೆ ಏನು, ದಾರಕ್ಕೆ ಎಷ್ಟು ಗಂಟು, ನೈವೇದ್ಯಕ್ಕೆ ಏನು, ಸಂಪುಟದಲ್ಲಿ ಯಾವ ದೇವರು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಕೇಳುವ ಪ್ರಶ್ನೆಗೆ ಮೊದಲ ದಿನ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗ ಅಮ್ಮನನ್ನು ಕೇಳಿ ಕೇಳಿ ಬರೆದಿಟ್ಟ ಹಾಳೆಗಳು ಹನ್ನೊಂದಾಗಿವೆ. ಮುಂದಿನ ಭಾನುವಾರ ಊರಿಗೆ ತಮ್ಮ ಬಂದಾಗ ಅವನ್ನು ಸಂಪುಟದ ಪಕ್ಕದಲ್ಲಿಡಲು ಕೊಡಬೇಕು.